ಆಕ್ಷೇಪಣೆ ಇದ್ದಲ್ಲಿ ಮೂರು ದಿನದೊಳಗೆ

ನೋಟಿಸ್ ಬೋರ್ಡಿಗೆ ಚುಚ್ಚುತ್ತಿದ್ದ ನಾಲ್ಕನೇ ಪಿನ್ನು ಕೈಜಾರಿ ಚಪ್ಪಲಿಯೊಳಗೆ ಬಿತ್ತು. ಸೂಜಿಯಪ್ಪ ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಕೊಡವುತ್ತಿದ್ದಾಗ ಬೆನ್ನ ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು.

"ಸಾಯ್ಸೇಬಿಟ್ರಾ?"

ನೆಲಮಹಡಿಯ ನಿವೃತ್ತ ಹೆಡ್‌ಮಾಸ್ತರು. ಕೈಯಲ್ಲಿ ಆಗಲೇ ಕೆಂಪು ಪೆನ್ನು.

"ಹೌದು ಸಾರ್. ಹದಿನಾಲ್ಕನೇ ಕಂತು. ಕತೆ ಮುಗೀತು."

"ನೀವು ಮುಗೀತು ಅಂದ್ರೆ ಮುಗೀತೇನ್ರೀ? ಸಹಿಗಳಾಗಬೇಕಲ್ಲ!"

ತಾಪತ್ರಯ ಅದೇ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸವಾದ್ದರಿಂದ ಕಟ್ಟಡದವರೆಲ್ಲ ಸೂಜಿಯಪ್ಪ ಎಂದೇ ಕರೆಯುತ್ತಿದ್ದ ಅವನು, ಅಲ್ಲಿನ ಯಂತ್ರ ರಕ್ತದ ಕೊಳವೆಗಳನ್ನು ಗಿರಗಿರ ತಿರುಗಿಸುವ ಹತ್ತು ನಿಮಿಷಗಳಲ್ಲಿ ಕತೆ ಬರೆಯುತ್ತಿದ್ದ. ಹಾಳಾದ ರಿಪೋರ್ಟುಗಳ ಬೆನ್ನ ಮೇಲೆ. ಇಡೀ ದಿನದಲ್ಲಿ ತನ್ನದು ಅಂತ ಅವನಿಗಿದ್ದದ್ದು ಆ ಹತ್ತು ನಿಮಿಷ. ಬಸ್ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಕೂರುವ ಒಬ್ಬ ಮುದುಕಿಯ ಕತೆ. ಮೊದಲ ಪುಟವನ್ನು ಹೆಂಡತಿಗೆ ಕೊಟ್ಟಾಗ "ಮೇಜಿನ ಮೇಲಿಡಿ, ನೋಡ್ತೀನಿ" ಎಂದಿದ್ದಳು. ವಾರ ಕಳೆದರೂ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಕೂತೇ ಇತ್ತು. ಮೆಟ್ಟಿಲು ಹತ್ತುವಾಗಲಾದರೂ ಅವಳ ಕಣ್ಣಿಗೆ ಬೀಳಲಿ ಎಂದು ಕಟ್ಟಡದ ನೋಟಿಸ್ ಬೋರ್ಡಿಗೆ ವಾರಕ್ಕೊಂದು ಪುಟ ಚುಚ್ಚತೊಡಗಿದ.

ಬೋರ್ಡಿಗೊಂದು ನಿಯಮವಿತ್ತು. ನೀರಿನ ಟ್ಯಾಂಕು ತೊಳೆಯುವ ಸೂಚನೆಯೇ ಇರಲಿ, ಲಿಫ್ಟು ಕೆಟ್ಟ ಸುದ್ದಿಯೇ ಇರಲಿ, ಹನ್ನೆರಡೂ ಮನೆಯವರು ಕೆಳಗೆ 'ಓದಿದ್ದೇನೆ' ಎಂದು ಸಹಿ ಹಾಕಬೇಕು. ಆಕ್ಷೇಪಣೆ ಇದ್ದಲ್ಲಿ ಮೂರು ದಿನದೊಳಗೆ ಬರೆಯಬೇಕು. ಸೆಕ್ರೆಟರಿ ಇದನ್ನು ಕತೆಗೂ ಅನ್ವಯಿಸಿಬಿಟ್ಟರು. 'ಮುದುಕಿ ಸಿಗರೇಟು ಸೇದಕೂಡದು, ಮಕ್ಕಳು ಓದುತ್ತಾರೆ. ಮನೆ ೪.' 'ಮುದುಕಿಯ ಮಂಡಿನೋವು ಯಾವ ಎಣ್ಣೆಯಿಂದ ಹೋಯಿತೆಂದು ತಿಳಿಸಿಲ್ಲ. ಮನೆ ೯.' ಸೂಜಿಯಪ್ಪ ಒಂದೊಂದಕ್ಕೂ ತಲೆಬಾಗಿ ತಿದ್ದಿದ. ಬರಬರುತ್ತಾ ಆ ಹತ್ತು ನಿಮಿಷದಲ್ಲಿ ಮುದುಕಿ ಬರುವುದೇ ನಿಂತುಹೋಯಿತು. ಹನ್ನೊಂದು ಮನೆಯವರು ಬಂದು ತಲೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಬಾರದೇ ಇದ್ದದ್ದು ಏಳನೇ ಮನೆ ಒಂದೇ. ಅದು ಅವನದು. ಹದಿಮೂರು ವಾರದಿಂದ ಏಳರ ಎದುರು ಸಹಿಯ ಜಾಗ ಖಾಲಿ.

ಸಾಕಾಗಿ ಮುದುಕಿಯನ್ನೇ ಮುಗಿಸಿದ್ದ. ಹತ್ತು ನಿಮಿಷವಾದರೂ ವಾಪಸ್ ಸಿಗಲಿ ಎಂದು.

ಬಸ್ಸು ಹತ್ತುವಷ್ಟರಲ್ಲಿ ಮೂರನೇ ಮಹಡಿಯ ನರ್ಸಮ್ಮನ ಫೋನು. "ಏನಣ್ಣಾ ಹಿಂಗ್ ಮಾಡ್ಬಿಟ್ರಿ? ನಮ್ಮತ್ತೆ ಓದಿದಾಗಿನಿಂದ ಒಂದು ಲೋಟ ನೀರೂ ಮುಟ್ಟಿಲ್ಲ. 'ಅವಳು ನನ್ನ ವಾರಿಗೆಯವಳು ಕಣೇ' ಅಂತ ಗೋಡೆ ಕಡೆ ತಿರುಗಿ ಮಲಗಿದಾರೆ."

ಇಳಿಯುವಷ್ಟರಲ್ಲಿ ಸೆಕ್ರೆಟರಿಯ ಫೋನು. "ಒಂಬತ್ತು ಆಕ್ಷೇಪಣೆ ಬಂದಿದೆ ಕಣ್ರೀ, ಇನ್ನೂ ಗಂಟೆ ಹತ್ತಾಗಿಲ್ಲ. ಸಂಜೆ ಆರಕ್ಕೆ ಬೋರ್ಡ್ ಹತ್ರ ತುರ್ತು ಸಭೆ. ಸಾಯ್ಸಿದೋರು ನೀವು, ಎಬ್ಬಿಸೋರೂ ನೀವೇ."

ಲ್ಯಾಬಿನಲ್ಲಿ ಯಂತ್ರ ತಿರುಗಿತು. ಸೂಜಿಯಪ್ಪ ಹದಿನಾಲ್ಕನೇ ಕಂತಿನ ಕರಡು ಹರವಿಕೊಂಡು, ಎಲ್ಲಿಂದ ಉಸಿರು ಊದುವುದೆಂದು ನೋಡುತ್ತಾ ಕೂತ. ತೂಕಡಿಕೆ ಬಂತು. ಯಂತ್ರ ನಿಂತ ಸದ್ದಿಗೆ ಬೆಚ್ಚಿಬಿದ್ದು, ಕೈಗೆ ಸಿಕ್ಕ ಕಾಗದವನ್ನು ಲಕೋಟೆಗೆ ತುರುಕಿ ಕಿಟಕಿಯಲ್ಲಿ ತನ್ನ ರಿಪೋರ್ಟಿಗಾಗಿ ಕಾಯುತ್ತಿದ್ದ ಜಿಮ್ ಮಾಸ್ತರನಿಗೆ ಕೊಟ್ಟ. ಕಂಬದಂಥ ತೋಳಿನ ಆ ಮನುಷ್ಯ ಅಲ್ಲೇ ಬಿಡಿಸಿ ಗಟ್ಟಿಯಾಗಿ ಓದಿದ: "ಇನ್ನು ಹೆಚ್ಚು ಹೊತ್ತಿಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು."

ಆ ಸಾಲನ್ನು ಇನ್ನೊಮ್ಮೆ ಬೆರಳಿಟ್ಟು ಓದಿದ.

"ನನ್ ಹೆಂಡ್ತಿಗೆ... ಮೊದಲೇ ಗೊತ್ತಿತ್ತಾ?" ಎಂದವನು, ಹಗ್ಗ ಹರಿದು ಬಿದ್ದ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಕುಸಿದ.

ನೀರು ಚಿಮುಕಿಸಿ, ನಿಜವಾದ ರಿಪೋರ್ಟು ತೋರಿಸಿ, ಅವನನ್ನು ನಾಲ್ಕು ಜನ ಸೇರಿ ಎತ್ತಿ ಕೂರಿಸಿದ ಮೇಲೆ ಲ್ಯಾಬಿನ ಡಾಕ್ಟರಮ್ಮ ಕೂಗಾಡಲಿಲ್ಲ. ಮೆಲ್ಲಗೆ ಹೇಳಿದರು: "ಇನ್ಮೇಲೆ ಯಂತ್ರ ತಿರುಗೋವಾಗ ನಿಮ್ಮ ಕಣ್ಣು ಯಂತ್ರದ ಮೇಲೇ ಇರ್ಲಿ."

ಅಲ್ಲಿಗೆ ಆ ಹತ್ತು ನಿಮಿಷವೂ ಹೋಯಿತು.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಾಗ, ಎಷ್ಟೋ ವಾರಗಳ ಮೇಲೆ, ಒಂದು ಸಾಲು ತಾನಾಗಿಯೇ ಬಂತು. ಅದರ ಹಿಂದೆ ಇನ್ನೊಂದು. ಯಾವ ಮನೆಯವರೂ ಬರಲಿಲ್ಲ. ಖಾಲಿ ಲಕೋಟೆಯ ಎರಡೂ ಕಡೆ ಗೀಚಿ ತುಂಬಿಸಿದ. ಇದನ್ನು ಬೋರ್ಡಿಗೆ ಹಾಕುವುದಿಲ್ಲ. ಸಭೆಯಲ್ಲಿ 'ನಾನಿನ್ನು ಬರೆಯಲ್ಲ, ಏನ್ ಬೇಕಾದ್ರೂ ಮಾಡ್ಕೊಳ್ಳಿ' ಎಂದು ಹೇಳಿಬಿಡುವುದು.

ಆದರೆ ಬೋರ್ಡಿನ ಮುಂದೆ ಸಭೆಯೇ ಇರಲಿಲ್ಲ, ಸಂಭ್ರಮವಿತ್ತು. ನರ್ಸಮ್ಮನ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಅವರ ತಲೆಯ ಮೇಲೆ, ಬೋರ್ಡಿನಲ್ಲಿ, 'ಹದಿನೈದನೇ ಕಂತು'.

'ಮುದುಕಿ ಕಣ್ಣು ಮುಚ್ಚಿದ್ದು ನಿಜ. ಕಳೆದುಹೋದ ಕೊಡೆ ಕೇಳಿಕೊಂಡು ಯಾರೂ ಬಾರದ ದಿನ ಅವಳು ಹಾಗೆಯೇ ಮಾಡುತ್ತಿದ್ದಳು.'

ಸೂಜಿಯಪ್ಪ ಕೊನೆಯವರೆಗೆ ಓದಿದ. ಚೆನ್ನಾಗಿತ್ತು. ಅವನದಕ್ಕಿಂತ ಚೆನ್ನಾಗಿತ್ತು.

"ಒಂದು ಕಾಮಾ ತಿದ್ದೋಕೂ ಜಾಗ ಕೊಟ್ಟಿಲ್ಲ ನೋಡಿ," ಎಂದರು ಹೆಡ್‌ಮಾಸ್ತರು, ಪೆನ್ನಿಗೆ ಮುಚ್ಚಳ ಹಾಕುತ್ತಾ.

"ಯಾರು ಸಾರ್ ಬರೆದದ್ದು?"

"ಯಾರು ಅಂದ್ರೆ? ನಿಮ್ಮನೆಯವರೇ!"

ಕೊಡೆಯ ಮಾತು ಬಂದದ್ದು ಮೂರನೇ ಕಂತಿನಲ್ಲಿ ಮಾತ್ರ. ಹಾಗಾದರೆ ಎಲ್ಲ ಓದಿದ್ದಾಳೆ! ಮೇಲಕ್ಕೆ ಓಡಹೊರಟವನ ತೋಳನ್ನು ಸೆಕ್ರೆಟರಿ ಹಿಡಿದರು.

"ಆಕ್ಷೇಪಣೆ ಒಂದೂ ಇಲ್ಲ. ಏಳನೇ ಮನೆ ಸಹಿ ಒಂದೇ ಬಾಕಿ. ಬರೆದೋರೇ ಓದಿದೀನಿ ಅಂತ ಹಾಕೋಕಾಗುತ್ತಾ? ನೀವು ಹಾಕ್ಬಿಡಿ."

ಅವನು 'ಓದಿದ್ದೇನೆ' ಎಂದು ಸಹಿ ಹಾಕಿದ.

ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಗಿರಗಿರ ತಿರುಗುತ್ತಿತ್ತು. ಹೆಂಡತಿ ಅದರ ಪಕ್ಕದ ಸ್ಟೂಲಿನ ಮೇಲೆ ಕೂತು, ಅವನದೇ ಹಾಳು ರಿಪೋರ್ಟುಗಳ ಬೆನ್ನ ಮೇಲೆ ಸರಸರ ಬರೆಯುತ್ತಿದ್ದಳು.

"ಎಲ್ಲಾ ಓದಿದ್ದೆಯಲ್ಲೇ! ಮತ್ತೆ ಒಂದ್ಸಲನಾದ್ರೂ ಸಹಿ ಯಾಕೆ ಹಾಕಲಿಲ್ಲ?"

"ಸಹಿ ಹಾಕಿದ್ರೆ ಆಕ್ಷೇಪಣೆನೂ ಬರೀಬೇಕಿತ್ತು. ಅಷ್ಟು ಜಾಗ ಇರಲಿಲ್ಲ ಅಲ್ಲಿ."

ಅವನು ಜೇಬಿನಿಂದ ಲಕೋಟೆ ತೆಗೆದ. ತೊಡೆಯ ಮೇಲಿಟ್ಟು ಸುಕ್ಕು ಸವರಿ ಮುಂದೆ ಹಿಡಿದ.

"ಇದು ಹೊಸದು. ಬೋರ್ಡಿಗಲ್ಲ. ಯಾರಿಗೂ ತೋರಿಸಲ್ಲ. ನೀನೊಬ್ಬಳೇ ಓದು."

ಅವಳು ತಲೆಯೆತ್ತಲಿಲ್ಲ. ಪುಟ ಮಗುಚಿದಳು.

"ಬೇಡ. ಬರೀತಿರೋವಾಗ ನಾನು ಬೇರೆಯವರದ್ದು ಓದಲ್ಲ."