ಎರಡು ಭಾಷೆ, ಒಂದು ಬಾಯಿ

ಹೆಚ್ಚು ಭಾಷೆ ಕಲಿತರೆ ಲಾಭವಿದೆ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಲಾಭ ಯಾರಿಗೆ ಅನ್ನುವುದರಲ್ಲಷ್ಟೇ ನನ್ನ ತಕರಾರು. ನಾನು ಬಾಗಲಕೋಟೆಯವಳು. ಹೈದರಾಬಾದಿನಲ್ಲಿ ಓಣಿಗೊಂದು ಕಂಪ್ಯೂಟರ್ ತರಗತಿ ಏಳುತ್ತಿದ್ದ ಕಾಲಕ್ಕೆ ಬೇಗಂಪೇಟೆಯ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದೆ. ತೆಲುಗು ಕೂಕಟ್‌ಪಲ್ಲಿ ಬಸ್ಸಿನ ನೂಕುನುಗ್ಗಲಲ್ಲಿ ತಾನಾಗಿ ಬಂತು. ಜಪಾನಿಯನ್ನು ಮಾತ್ರ ಕಂಪನಿಯವರೇ ಸಂಜೆ ಹೊತ್ತು ಕೂರಿಸಿ ಕಲಿಸಿದರು. ಮೊದಲ ದಿನ ಯಾರೋ ಒಬ್ಬರು ಬಂದು, ಎರಡು ಭಾಷೆ ಬಲ್ಲವರ ಮೆದುಳು ಚುರುಕಾಗುತ್ತದೆ, ಮುಪ್ಪಿನಲ್ಲಿ ಮರೆವು ತಡವಾಗಿ ಬರುತ್ತದೆ ಎಂದು ಭಾಷಣ ಮಾಡಿದರು. ಹೊಟ್ಟೆಯ ವಿಷಯ ಎತ್ತಲೇ ಇಲ್ಲ. ಅಂದಿನಿಂದ ನನಗೆ ಇಂಥವು ಆಗುತ್ತಲೇ ಇವೆ.

೧. ಅತಿಥಿಗಳ ಊಟ

ಜಪಾನಿನಿಂದ ಗಿರಾಕಿಗಳು ಬಂದರು. ದೊಡ್ಡ ಹೋಟೆಲಿನಲ್ಲಿ ಊಟ. ಒಂದು ಪಕ್ಕದಲ್ಲಿ ನಮ್ಮ ಮ್ಯಾನೇಜರು, ಇನ್ನೊಂದು ಪಕ್ಕದಲ್ಲಿ ಅತಿಥಿ, ನಡುವೆ ನಾನು. ಮ್ಯಾನೇಜರು ಒಂದು ಮಾತು ಹೇಳಿ ತುತ್ತು ಬಾಯಿಗಿಡುವರು, ನಾನು ಅದನ್ನು ಜಪಾನಿಯಲ್ಲಿ ಹೇಳುವೆ. ಅತಿಥಿ ಉತ್ತರ ಕೊಟ್ಟು ತುತ್ತು ಬಾಯಿಗಿಡುವರು, ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವೆ. ಅಗಿಯುವ ಸರದಿ ಎಲ್ಲರಿಗೂ ಬಂತು, ನನಗೊಬ್ಬಳಿಗೆ ಬರಲಿಲ್ಲ.

ಎದುರಿಗೆ ನಮ್ಮ ತಂಡದ ವರಂಗಲ್ಲಿನ ಹುಡುಗ ಕೂತಿದ್ದ. ತೆಲುಗು, ಇಂಗ್ಲಿಷ್ ಬಿಟ್ಟರೆ ಏನೂ ಬಾರದ ಪುಣ್ಯಾತ್ಮ. ಬಗಾರಾ ಬೈಂಗನ್ ಎಂಬ ಬದನೆಕಾಯಿ ಗೊಜ್ಜನ್ನು ಎರಡು ಸಲ ಹಾಕಿಸಿಕೊಂಡ. ಕೊನೆಗೆ ಡಬಲ್ ಕಾ ಮೀಠಾ ಬಂತು. ತುಪ್ಪದಲ್ಲಿ ಕರಿದ ಬ್ರೆಡ್ಡು, ಮೇಲೆ ಕೆನೆಹಾಲು, ನನ್ನ ಜೀವ. ಚಮಚ ಎತ್ತಿದೆ. ಅತಿಥಿ ಬಾಯಿ ತೆರೆದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಬಡಿಸುವವನು ನನ್ನ ಬಟ್ಟಲು ಎತ್ತಿಕೊಂಡು ಹೋಗಿದ್ದ.

"ಏನಂತೆ?" ಅಂದರು ಮ್ಯಾನೇಜರು.

ಊಟ ಬಹಳ ಚೆನ್ನಾಗಿತ್ತಂತೆ. ಅದನ್ನೂ ನಾನೇ ಹೇಳಬೇಕಾಯಿತು.

೨. ಟೋಕಿಯೋ ಯಾರಿಗೆ

ಜಪಾನಿ ಕಲಿತವರನ್ನು ಟೋಕಿಯೋಗೆ ಕಳಿಸುತ್ತೇವೆ ಎಂದಿದ್ದರು. ನಾನು ಪಾಸ್‌ಪೋರ್ಟ್ ಮಾಡಿಸಿ, ದಪ್ಪ ಸ್ವೆಟರ್ ಕೊಂಡು ಕಾಯುತ್ತಿದ್ದೆ. ಮ್ಯಾನೇಜರು ಕರೆದರು. ನಾನು ನಗುತ್ತಲೇ ಒಳಗೆ ಹೋದೆ.

"ಒಳ್ಳೆಯ ಸುದ್ದಿ. ಟೋಕಿಯೋಗೆ ವರಂಗಲ್ಲಿನವನನ್ನು ಕಳಿಸುತ್ತಿದ್ದೇವೆ."

"ಸರ್, ಅವನಿಗೆ ಜಪಾನಿ ಬರುವುದಿಲ್ಲ."

"ಅದಕ್ಕೇ. ನೀನು ಹೋದರೆ ಇಲ್ಲಿ ಅವರ ಫೋನು ಎತ್ತುವವರು ಯಾರು? ಅವನಿಲ್ಲದಿದ್ದರೆ ಇಲ್ಲಿ ಏನೂ ನಿಲ್ಲುವುದಿಲ್ಲ."

ಬಹಳ ಹೊಟ್ಟೆ ಉರಿಯಿತು. ಸ್ವೆಟರ್ ಅವನಿಗೇ ಕೊಟ್ಟೆ. ತೋಳು ಗಿಡ್ಡವಾಯಿತು ಎಂದು ದೂರಿದ.

೩. ಫೋನಿನಲ್ಲಿ ಊಟ

ಅಲ್ಲಿಗೆ ಹೋದವನು ಶುದ್ಧ ಸಸ್ಯಾಹಾರಿ. ಯಾವ ಹೋಟೆಲಿಗೆ ಹೋದರೂ ಮೀನು. ಮೂರನೆಯ ಸಂಜೆ ಫೋನು ಮಾಡಿದ. "ಬಿಸ್ಕತ್ತು ಮುಗಿದವು. ನೀನೇ ಹೇಳು," ಎಂದು ಫೋನನ್ನು ಹೋಟೆಲಿನ ಯಜಮಾನಿಯ ಕೈಗೆ ಕೊಟ್ಟ. ಮೀನು ಬೇಡ, ಮಾಂಸ ಬೇಡ, ಮೀನಿನ ಸಾರು ಕೂಡ ಬೇಡ ಎಂದು ಹೇಳಿದೆ. ಅಂದಿನಿಂದ ಅದೇ ರೂಢಿಯಾಯಿತು. ಅವನಿಗೆ ರಾತ್ರಿಯೂಟದ ಹೊತ್ತು, ನನಗೆ ಸಂಜೆ ಚಹಾದ ಹೊತ್ತು. ಬೇಗಂಪೇಟೆಯಲ್ಲಿ ಕೂತು ನಾನು ಟೋಕಿಯೋದಲ್ಲಿ ಬದನೆಕಾಯಿ ಬೇಯಿಸುತ್ತಿದ್ದೆ. ಅವನ ಫೋನು ಬಾರದ ದಿನ ಚಹಾ ರುಚಿಸುತ್ತಿರಲಿಲ್ಲ. ಇದನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ.

ಒಂದು ಸಂಜೆ ಯಜಮಾನಿಯೇ ನನಗೆ ಜಪಾನಿಯಲ್ಲಿ ಅಂದಳು, "ದಿನಾ ಊಟಕ್ಕೆ ನೀನು ಬೇಕು ಇವನಿಗೆ. ನಿನ್ನನ್ನು ಮದುವೆಯಾಗುತ್ತಾನಾ, ಕೇಳು."

ಫೋನು ಅವನ ಕೈಗೆ ಹೋಯಿತು. "ಏನಂತೆ?" ಅಂದ.

"ಊಟ ಹಿಡಿಸಿತಾ ಅಂತೆ," ಅಂದೆ.

"ಬಹಳ ಹಿಡಿಸಿದೆ, ಜೀವನಪೂರ್ತಿ ಹೀಗೇ ಸಿಗಲಿ ಅಂತ ಹೇಳು."

ಪ್ರಶ್ನೆಯನ್ನು ತಪ್ಪಾಗಿ ಅನುವಾದಿಸಿದ್ದೆ. ಉತ್ತರವನ್ನು ಮಾತ್ರ ಒಂದಕ್ಷರವೂ ಬಿಡದೆ ಯಜಮಾನಿಗೆ ತಲುಪಿಸಿದೆ.

೪. ಹೆಣ್ಣು ನೋಡುವ ಶಾಸ್ತ್ರ

ಅವನು ವಾಪಸು ಬಂದ ಮೇಲೆ ನಿಜವಾದ ಪ್ರಶ್ನೆಯನ್ನು ಅವನೇ ಕೇಳಿದ. ಇನ್ನು ಹಿರಿಯರು ಒಪ್ಪಬೇಕು. ಅವನ ಮನೆಯಲ್ಲಿ ತಾಯಿಯದೇ ಕೊನೆಯ ಮಾತು, ಆಕೆಗೆ ತೆಲುಗು ಬಿಟ್ಟರೆ ಬೇರೆ ಬಾರದು. ನನ್ನ ಅಪ್ಪ ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಎಲ್ಲರೂ ಕೂಕಟ್‌ಪಲ್ಲಿಯ ನನ್ನ ಬಾಡಿಗೆ ಮನೆಯಲ್ಲಿ ಸೇರಿದರು. ಅವ್ವ ಮೊದಲೇ ಎಚ್ಚರಿಸಿದ್ದಳು, "ತೆಲಿ ಕೆಳಗ ಹಾಕ್ಕೊಂಡು ಕುಂದ್ರು. ಬಾಯಿ ತೆಗಿಬ್ಯಾಡ, ಸಂಬಂಧ ಕೆಟ್ಟೀತು."

ತಲೆ ತಗ್ಗಿಸಿ ಕೂತೆ. ಎರಡೂ ಕಡೆಯವರು ನಕ್ಕರು. ಮತ್ತೆ ನಕ್ಕರು. ಆಮೇಲೆ ಎಲ್ಲರೂ ನನ್ನನ್ನೇ ನೋಡತೊಡಗಿದರು. ಬೇರೆ ದಾರಿಯೇ ಇರಲಿಲ್ಲ. ತಲೆ ತಗ್ಗಿಸಿಕೊಂಡೇ ಶುರುಮಾಡಿದೆ. ಪ್ರಯಾಣ, ಸೆಕೆ, ಗೋತ್ರ, ಅಪ್ಪನ ಸಕ್ಕರೆ ಕಾಯಿಲೆ, ಹುಡುಗನ ತಾಯಿಯ ಮೊಣಕಾಲು, ಎಲ್ಲ ನನ್ನ ಬಾಯಿಂದಲೇ ಅತ್ತಿಂದಿತ್ತ ಓಡಾಡಿದವು. ಒಂದು ಮಾತು ಜಾರಿದರೆ ನನ್ನ ಮದುವೆಯೇ ಜಾರುತ್ತಿತ್ತು.

ಆಗ ಹುಡುಗನ ತಾಯಿ ಕೇಳಿದರು, "ಅಮ್ಮಾಯಿ ಎಕ್ಕುವ ಮಾಟ್ಲಾಡುತುಂದಾ?"

ನಾನು ನೆಲ ನೋಡುತ್ತ ಅಪ್ಪನಿಗೆ ಹೇಳಿದೆ, "ಹುಡುಗಿ ಭಾಳ ಮಾತಾಡ್ತಾಳೇನು ಅಂತ ಕೇಳಾಕತ್ತಾರ."

"ಏ, ಛೇ ಛೇ!" ಅಂದ ಅಪ್ಪ. "ಇಕಿ ಭಾಳ ಶಾಂತ್ ಅದಾಳ್ರಿ. ಹಿರ್ಯಾರ ಮುಂದ ಬಾಯಿನ ತೆಗೆಯಂಗಿಲ್ಲ!"

ಇದನ್ನು ತೆಲುಗಿನಲ್ಲಿ ನಾನೇ ಹೇಳಬೇಕು. ಹೇಳಿದೆ.

ಆ ತಾಯಿ ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ. ನನಗೆ ಅಳುವೇ ಬರುವಂತಾಯಿತು. ಅವರು ಎದ್ದು ತಾವು ತಂದಿದ್ದ ಡಬ್ಬಿ ತೆಗೆದರು. ಒಳಗೆ ಡಬಲ್ ಕಾ ಮೀಠಾ. ಮಗ ಎಲ್ಲವನ್ನೂ ಹೇಳಿದ್ದನೆಂದು ಕಾಣುತ್ತದೆ. ಒಂದು ದೊಡ್ಡ ತುಂಡು ಮುರಿದು, "ಸಾಕು ಮಾಡು ತಾಯಿ. ನಮ್ಮ ಮನೆಗೆ ಬಂದ ಮೇಲೆ ಮೊದಲು ಊಟ, ಆಮೇಲೆ ಮಾತು," ಎಂದು ತೆಲುಗಿನಲ್ಲಿ ಹೇಳಿ ನನ್ನ ಬಾಯಿಗೆ ತುರುಕಿದರು.

ಅಪ್ಪ ಗಾಬರಿಯಿಂದ ಬಗ್ಗಿ ಕೇಳಿದ, "ಏನಂದ್ರವ್ವಾ? ಒಪ್ಪಿದ್ರೇನು?"

ಬಾಯಿ ತುಂಬ ಸಿಹಿ. ನಾನು ಅಗಿಯುತ್ತಲೇ ಇದ್ದೆ.

ಅಪ್ಪ ಹೆಮ್ಮೆಯಿಂದ ಅವರ ಕಡೆ ತಿರುಗಿದ. "ನೋಡ್ರಿ, ನಾ ಹೇಳ್ಲಿಲ್ಲೇನು?"