ವಿಮಾನಕ್ಕೆ ಒತ್ತೆಯಿಟ್ಟ ಮೀಸೆ

ಗಂಗಾವತಿಯಲ್ಲಿ ಗಣಿತ ಬಲ್ಲವರು ಇಬ್ಬರೇ ಎಂದು ಕನಕಪ್ಪ ಮಾಸ್ತರರು ನಂಬಿದ್ದರು. ಎರಡನೆಯವರ ಹೆಸರು ಮಾತ್ರ ಅವರಿಗೆ ಎಂದೂ ನೆನಪಾಗುತ್ತಿರಲಿಲ್ಲ. ಮುಂಬೈಯಿಂದ ಬಳ್ಳಾರಿಗೆ ಟಪಾಲು ವಿಮಾನ ಹಾರತೊಡಗಿದ ಹೊಸತು. ಅದು ಬೆಳಗಿನ ಏಳಕ್ಕೆ ಹೊರಡುತ್ತದೆಂದು ಮುಂಬೈಯ ಗೆಳೆಯ ಕಾಗದ ಬರೆದದ್ದೇ ತಡ, ಮಾಸ್ತರರು ಶಾಲೆಯ ನಕಾಶೆಯ ಮೇಲೆ ನೂಲು ಎಳೆದರು. ಗಂಗಾವತಿಗೆ ಮುನ್ನೂರೈವತ್ತು ಮೈಲಿ! ತಾಸಿಗೆ ನೂರರಂತೆ ಮೂರೂವರೆ ತಾಸು! ಶುಕ್ರವಾರ ಹತ್ತೂವರೆಗೆ ಸರಿಯಾಗಿ ವಿಮಾನ ನಮ್ಮ ಓಣಿ ದಾಟುತ್ತದೆಂದು ಊರಿಗೆಲ್ಲ ಸಾರಿದರು.

ಎದುರುಮನೆಯ ಅರಿವೆ ವ್ಯಾಪಾರಿ ಗ್ಯಾನಪ್ಪ ನಕ್ಕುಬಿಟ್ಟ. ಬಳ್ಳಾರಿಯ ಎತ್ತಿನ ಬಂಡಿಯೇ ಹೇಳಿದ ದಿನ ಬರುವುದಿಲ್ಲ, ಗಾಳಿಯಲ್ಲಿ ಬರುವುದು ಹೇಳಿದ ನಿಮಿಷಕ್ಕೆ ಬಂದೀತೇ ಎಂದ. ಮಾಸ್ತರರಿಗೆ ರೇಗಿತು. ಬರದಿದ್ದರೆ ಮೀಸೆ ಬೋಳಿಸುತ್ತೇನೆ ಎಂದೇಬಿಟ್ಟರು. ಅದೂ ಎಂಥ ಮೀಸೆ! ಎರಡೂ ತುದಿಗೆ ನಿಂಬೆಹಣ್ಣು ನಿಲ್ಲಿಸುವಂಥದ್ದು!

ಹೆಂಡತಿ ಹುಲಗಮ್ಮ ಬಾಗಿಲಿಗೆ ಬಂದಳು. ಅವರ ಮನೆತನದಲ್ಲಿ ಗಂಡಸು ಮೀಸೆ ತೆಗೆಸುವುದು ತಂದೆ ತೀರಿಕೊಂಡಾಗ ಮಾತ್ರ.

"ಮಾವಾರು ಇನ್ನಾ ಹೊತ್ತಿಗೆ ನಾಕು ರೊಟ್ಟಿ ಉಣ್ತಾರ. ಆ ಮೀಸಿ ನಿಮ್ಮದಲ್ರಿ, ಅವರ್ದು. ಅವರನ್ನ ಕೇಳಿ ಒತ್ತಿ ಇಡ್ರಿ."

"ಲೆಕ್ಕ ತಪ್ಪಿದ್ರ ಅಲ್ಲೇನ ಆ ಮಾತು," ಎಂದರು ಮಾಸ್ತರರು.

ಶುಕ್ರವಾರ ಶಾಲೆಗೆ ರಜೆ. ಓಣಿಗೆ ಓಣಿಯೇ ಮಾಳಿಗೆ ಏರಿತು. ಹತ್ತೂವರೆಗೆ ಸರಿಯಾಗಿ ಒಂದು ಹದ್ದು ಬಂತು.

"ಮಾಸ್ತರ್ರ, ಇದರಾಗ ಟಪಾಲು ಎಲ್ಲಿ ಇಟ್ಟಾರ್ರಿ?" ಎಂದ ಗ್ಯಾನಪ್ಪ.

ಮಾಸ್ತರರು ಗಾಳಿ ಎದುರಿಗಿದೆ ಎಂದರು, ಮೋಡ ಅಡ್ಡವಾಗಿದೆ ಎಂದರು. ಮೋಡವೇ ಇರಲಿಲ್ಲ! ಹನ್ನೊಂದಾಯಿತು. ಗ್ಯಾನಪ್ಪ ಹೋಗಿ ಕ್ಷೌರಿಕನನ್ನು ಕರೆತಂದ. ಆಡಿದ ಮಾತು ನುಂಗುವುದು ಹೇಗೆ? ಮಾಸ್ತರರು ಕಟ್ಟೆಯ ಮೇಲೆ ಕುಳಿತು ಕಣ್ಣು ಮುಚ್ಚಿದರು. ಎಡಗಡೆಯ ಮೀಸೆ ಮಡಿಲಿಗೆ ಬಿತ್ತು.

ಹನ್ನೊಂದು ಹೊಡೆದು ಒಂಬತ್ತು ನಿಮಿಷಕ್ಕೆ ಆಕಾಶ ಗುರ್ರೆಂದಿತು. ವಿಮಾನ! ಮಾಸ್ತರರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಮ್ಮದು ದೇಶಕ್ಕೆಲ್ಲ ಒಂದೇ ಹೊತ್ತು ತೋರಿಸುವ ರೈಲು ಗಡಿಯಾರ. ಮುಂಬೈ ಮಹಾನಗರ ಮಾತ್ರ ತನ್ನದೇ ಗಡಿಯಾರ ಇಟ್ಟುಕೊಂಡು ಮೂವತ್ತೊಂಬತ್ತು ನಿಮಿಷ ಹಿಂದೆ ಬಾಳುತ್ತಿತ್ತು. ಗೆಳೆಯ ಬರೆದ ಏಳು ಗಂಟೆ ಅಲ್ಲಿಯದು!

ಮಾಸ್ತರರು ಸಾಬೂನು ನೊರೆಯ ಸಮೇತ ಬೀದಿಗೆ ಹಾರಿ, ಮೇಲೆ ಕೈ ತೋರಿಸಿ ಕುಣಿದರು. ಯಾರೂ ಮೇಲೆ ನೋಡಲಿಲ್ಲ. ಕೆಳಗೆ ಅಂಥ ಮುಖವಿರುವಾಗ ಆಕಾಶ ಯಾರಿಗೆ ಬೇಕು! ದಾರಿಯಲ್ಲಿ ಹೊರಟಿದ್ದ ಟಾಂಗಾ ಬಾಬಾಸಾಬ ಕುದುರೆ ನಿಲ್ಲಿಸಿ ಇಳಿದು, ಅವರ ಹೆಗಲ ಮೇಲೆ ಕೈಯಿಟ್ಟ.

"ಭಾಳ ಛಲೋ ಮನಷ್ಯಾ ಇದ್ರು ನಿಮ್ಮಪ್ಪಾರು. ಮಣ್ಣು ಎಷ್ಟೊತ್ತಿಗ್ರಿ?"

ಗದ್ದಲ ಕೇಳಿ, ಎಪ್ಪತ್ತೈದರ ದುರಗಪ್ಪ ಕೋಲೂರುತ್ತ ಹೊರಗೆ ಬಂದರು. ಮಗನ ಮುಖವನ್ನು ಬಲದಿಂದ ನೋಡಿದರು, ಎಡದಿಂದ ನೋಡಿದರು.

"ಅರ್ಧಾನ ಬೋಳಿಸಿ ನಿಂತೀಯಲ್ಲೋ ಮಗನ," ಎಂದರು. "ಈಗ ನಾ ಬದುಕಬೇಕೋ, ಸಾಯಬೇಕೋ? ಲೆಕ್ಕ ಹಾಕಿ ಹೇಳು."