ಮೊಸರಿನ ಡಬ್ಬದ ಬದನೆ

ಒಳ್ಳೆಯ ದಿನಕ್ಕಾಗಿ ಕಾಯುವುದು ನನ್ನ ಹುಟ್ಟುಗುಣ. ಹೊಸ ಮಿಕ್ಸಿ ಬಂದಾಗ ಒಳ್ಳೆಯ ದಿನ ನೋಡಿ ತೆಗೆಯೋಣವೆಂದು ಬೀರುವಿನ ಮೇಲಿಟ್ಟೆ. ಅದರ ಗ್ಯಾರಂಟಿ ಮುಗಿಯಿತು, ಮಿಕ್ಸಿ ಇನ್ನೂ ಅಲ್ಲೇ ಇದೆ. ಸದ್ಯ, ಇಲಿ ಕಡಿದಿಲ್ಲ. ನಾದಿನಿಯ ಮದುವೆಗೆ ಹೊಲಿಸಿದ ರವಿಕೆಯನ್ನು ಇನ್ನೂ ಒಳ್ಳೆಯ ಸಮಾರಂಭಕ್ಕಿರಲೆಂದು ಎತ್ತಿಟ್ಟೆ. ಆ ಸಮಾರಂಭ ಬಂದಾಗ ತೋಳಿನೊಳಗೆ ನನ್ನ ಕೈ ಹೋಗಲಿಲ್ಲ. ಇದನ್ನೆಲ್ಲ ನಾನು ಭಕ್ತಿ ಎಂದುಕೊಂಡಿದ್ದೇನೆ, ನಮ್ಮ ಯಜಮಾನರು ಮೈಗಳ್ಳತನ ಎಂದುಕೊಂಡಿದ್ದಾರೆ. ನಮ್ಮ ಮನೆದೇವರು ಮಾದಪ್ಪ ಏನೆಂದುಕೊಂಡಿದ್ದಾನೋ, ಇಲ್ಲಿಯವರೆಗೆ ಹೇಳಿಲ್ಲ.

ಈ ಸಲ ನನ್ನ ಕೈಗೆ ಸಿಕ್ಕಿ ಒದ್ದಾಡಿದ್ದು ಬದನೆ ಸಸಿಗಳು. ನನ್ನ ತವರು ಸಂತೆಮರಹಳ್ಳಿ. ಅಲ್ಲಿ ಅವ್ವನ ಹಿತ್ತಿಲಲ್ಲಿ ಹಸಿರು ಮೈಗೆ ಬಿಳಿ ಗೀರಿನ ಬದನೆಯೊಂದು ಬೆಳೆಯುತ್ತಿತ್ತು. ಒಗ್ಗರಣೆಗೆ ಬಿದ್ದರೆ ಬೆಣ್ಣೆಯ ಹಾಗೆ ಕರಗುತ್ತಿತ್ತು. ಅಣ್ಣ ಹಿತ್ತಿಲಿಗೂ ಮನೆ ಚಾಚಿದ ಮೇಲೆ ಗಿಡಕ್ಕೆ ಜಾಗವಿಲ್ಲವಾಯಿತು. ಬೂದಿಯಲ್ಲಿ ಉಜ್ಜಿ ಬಟ್ಟೆಯಲ್ಲಿ ಗಂಟು ಕಟ್ಟಿದ್ದ ಬೀಜವನ್ನು ಅವ್ವ ನನ್ನ ಕೈಗಿಟ್ಟು, “ಇಷ್ಟೇ ಕಣಮ್ಮಿ ಇರದು, ನೀನಾರ ಉಳಿಸ್ಕೊ” ಅಂದಳು. ಒಂದು ಚಿಟಿಕೆ ಮಿಗಿಸೋಣವೆಂಬ ಬುದ್ಧಿ ನನಗೆ ಬರಲಿಲ್ಲ. ಗಂಡನ ಊರು ಗುಂಡ್ಲುಪೇಟೆಗೆ ಬಂದವಳೇ ಅಷ್ಟನ್ನೂ ಮೊಸರಿನ ಡಬ್ಬಗಳಲ್ಲಿ ಚೆಲ್ಲಿಬಿಟ್ಟೆ. ಈ ಸಸಿಗಳು ಹೋದರೆ ಆ ಬದನೆಯ ವಂಶವೇ ಮುಗಿದ ಹಾಗೆ.

ಮುಂಗಾರಿನಲ್ಲೇ ನೆಡಬೇಕಿತ್ತು. ಆದರೆ ಸೋಮವಾರ ನಾವು ಮಣ್ಣು ಕೆದಕುವುದಿಲ್ಲ. ಮಂಗಳವಾರ ಹೊಸದೇನನ್ನೂ ಶುರು ಮಾಡುವುದಿಲ್ಲ. ಶುಕ್ರವಾರ ಡಬ್ಬ ಎತ್ತಿಕೊಂಡರೆ ನಮ್ಮತ್ತೆ, “ಮನೆ ಒಳ್ಗಿರ ಲಕ್ಷ್ಮಿಯ ಆಚೆಗೆ ಕಳುಸ್ತಾರಾ?” ಎಂದರು. ಮಿಕ್ಕ ದಿನಗಳನ್ನು ಆಷಾಢ, ಅಮಾವಾಸ್ಯೆ, ನೆಂಟರು ಹಂಚಿಕೊಂಡರು. ದಸರಾ ಕಳೆಯಿತು, ದೀಪಾವಳಿಯೂ ಕಳೆಯಿತು. ಸಸಿಗಳು ಮಾತ್ರ ಪಂಚಾಂಗ ನೋಡಲಿಲ್ಲ. ಡಬ್ಬದಲ್ಲೇ ಮೊಣಕಾಲೆತ್ತರ ಬೆಳೆದು, ಕಾಂಡ ಕಡ್ಡಿಯಾಗಿ, ಎಲೆ ಹಳದಿಯಾಗಿ ಉದುರಿ, ಒಂದೊಂದೇ ಒಣಗತೊಡಗಿದವು. ಇದರ ನಡುವೆ ಒಂದರ ತುದಿಯಲ್ಲಿ, ಯಾವ ಧೈರ್ಯದ ಮೇಲೋ, ನೇರಳೆ ಹೂವೊಂದು ಅರಳಿತ್ತು.

ನಮ್ಮತ್ತೆಯ ತವರು ಬೇಗೂರು. ಬೇರೆ ಊರಿನ ಬದನೆಯನ್ನು ಅವರು ತರಕಾರಿಯ ಲೆಕ್ಕಕ್ಕೇ ಸೇರಿಸುವುದಿಲ್ಲ. “ಇದೇನಮ್ಮಿ, ಸಸಿಯಾ ಸೌದೆಯಾ? ಒಲೆಗಾರ ಇಕ್ಕು, ನೀರ್ ಕಾದಾವು” ಎಂದರು.

“ನರ್ಸರಿಯಿಂದ ಒಂದ್ ಟ್ರೇ ತಂದ್ಕೊಡ್ತೀನಿ, ಇವ ಬಿಸಾಕ್ಬುಡು” ಎಂದರು ಯಜಮಾನರು.

“ನಿಮ್ ನರ್ಸರಿಲಿ ನಮ್ಮವ್ವನ ಬದ್ನೆ ಸಿಕ್ಕದಾ?” ಎಂದೆ. ಅವರು ಮೊಬೈಲಿನೊಳಗೆ ಮುಖ ಹುದುಗಿಸಿದರು.

ಅವ್ವನಿಗೇ ಫೋನ್ ಮಾಡಿ ಇದ್ದದ್ದನ್ನೆಲ್ಲ ಒದರಿದೆ. ಬೈಯುತ್ತಾಳೆಂದುಕೊಂಡರೆ ಅವಳು ನಕ್ಕಳು. “ಎದ್ರುಕೊಬ್ಯಾಡ ಕಣಮ್ಮಿ. ಸುತ್ಕಂಡಿರ ಬೇರ ಬುಡಿಸ್ಬುಟ್ಟು ಈಗಿಂದೀಗ್ಲೇ ನೆಡು. ಬದ್ನೆ ಜಾತಿ ಮೊಂಡು, ನಿನ್ನಂಗೇಯ.”

ನನಗೆ ಹಟ ಬಂತು. ಅಂದು ಸೋಮವಾರ. ಗುದ್ದಲಿ ಹಿಡಿದು ಹಿತ್ತಿಲಿಗೆ ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಸ್ವಾಮಾರ ಮಣ್ಣಿಗೆ ಗುದ್ಲಿ ಆಕೀಯಾ?”

“ಜೀವ ಉಳ್ಸಕೂ ವಾರ ನೋಡ್ಬೇಕಾ ಅತ್ತೆ? ಮಾದಪ್ಪನ ವಾರ, ಅವನೇ ನೋಡ್ಕತಾನೆ.”

ಅತ್ತೆ ಬಾಗಿಲು ಬಿಟ್ಟು ಸರಿದರು. “ಗುದ್ಲಿ ಅಲ್ಲಿಕ್ಕು. ನಿನ್ ಗಂಡ ಕಸ ಊಳಕೆ ತೆಗೆದಿದ್ನಲ್ಲ ಗುಂಡಿ, ಅದ್ರೊಳಕ್ಕೆ ನೆಡು. ಅದ ಸ್ವಾಮಾರ ತೋಡಿದ್ದಲ್ಲ.”

ಗುಂಡಿಯಲ್ಲಿ ಕಸ ಕೊಳೆತು ಕಪ್ಪು ಗೊಬ್ಬರವಾಗಿತ್ತು. ಯಜಮಾನರು ಅದನ್ನು ಮುಚ್ಚದೆ ಬಿಟ್ಟಿದ್ದಕ್ಕೆ ಅಷ್ಟು ದಿನ ಬೈದಿದ್ದೆ. ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ. ಕತ್ತರಿಯಿಂದ ಡಬ್ಬ ಸೀಳಿದರೆ ಒಳಗೆ ಮಣ್ಣೇ ಕಾಣದು. ಬಿಂದಿಗೆ ಹೊರುವಾಗ ತಲೆಯ ಮೇಲಿಡುವ ಸಿಂಬೆಯ ಹಾಗೆ ಬೇರುಗಳು ಸುತ್ತಿಕೊಂಡು ಡಬ್ಬದ ಆಕಾರವನ್ನೇ ತಾಳಿದ್ದವು. ಬಕೆಟ್ಟಿನಲ್ಲಿ ನೆನೆಸಿ, ಮಗಳ ಜಡೆ ಸಿಕ್ಕು ಬಿಡಿಸುವಂತೆ ಬೆರಳಾಡಿಸಿದೆ. ಕೆಲವು ಬೇರು ಕಿತ್ತವು. ಒಂದೊಂದು ಕಿತ್ತಾಗಲೂ “ಮಾದಪ್ಪ” ಅಂದೆ. ಕಾಂಡವನ್ನು ಆಳಕ್ಕಿಟ್ಟು ಮಣ್ಣೆಳೆದೆ. ಹೂವಿದ್ದರೆ ಗಿಡ ಸೊರಗುತ್ತದೆಂದು ಅದನ್ನು ಚಿವುಟಿ ದೇವರ ಮುಂದಿಟ್ಟೆ. ತಿರುಗಿ ಬಂದು ನೋಡಿದರೆ ಅತ್ತೆ ಬಾಳೆಪಟ್ಟೆ ಸೀಳಿ ಸಸಿಗಳಿಗೆ ನೆರಳು ಕಟ್ಟುತ್ತಿದ್ದರು. “ನಿಮ್ಮೂರ ಬದ್ನೆ ಅಂತಲ್ಲ, ಪಾಪ ಅಂತ” ಎಂದರು.

ಬಹಳ ದಿನ ಎಲೆಗಳು ಜೋತುಬಿದ್ದೇ ಇದ್ದವು. ಎರಡು ಸಸಿ ಬಿಟ್ಟು ಉಳಿದವೆಲ್ಲ ಹೋದವು. ಆ ಎರಡರ ಎಲೆಗಳ ಕಂಕುಳಲ್ಲಿ ಉಗುರಿನಷ್ಟು ಚಿಗುರು ಕಂಡ ಬೆಳಿಗ್ಗೆ ನಲ್ಲಿಯಲ್ಲೂ ನೀರು ಬಂತು. ಒಂದೇ ದಿನಕ್ಕೆ ಇಷ್ಟು ಸಾಕು ಎಂದು ಕೈಮುಗಿದೆ.

ಮುಂದೆ ಒಂದು ಗಿಡ ಕಾಯಿ ಬಿಟ್ಟಿತು. ಮೊದಲ ಕಾಯಿ ಸೋಮವಾರದ ಎಡೆಗೆ ಎಂದುಕೊಂಡಿದ್ದೆ. ಆ ಸೋಮವಾರ ಬೇಗೂರಿನ ನೆಂಟರು ಬಂದರು. ಒಂದು ಕಾಯಿ ಯಾರ ಎಲೆಗೆ ಬಡಿಸಲಿ? ಮರು ಸೋಮವಾರ, ದೇವರಿಗಲ್ಲವೇ, ಇನ್ನೊಂದಿಷ್ಟು ದಪ್ಪವಾಗಲಿ ಎಂದು ಬಿಟ್ಟೆ. ಅದರಾಚೆಯ ಸೋಮವಾರ ಚಾಕು ಹಿಡಿದು ಹೋದರೆ ಕಾಯಿ ಹಳದಿಯಾಗಿತ್ತು.

“ಅಯ್ಯೋ, ಹಣ್ಣಾಗೋಯ್ತಲ್ಲ ಕಣಮ್ಮಿ!” ಎಂದು ಅತ್ತೆ ಹಿಂದಿನಿಂದ ಕೂಗಿದರು.

ಚಾಕುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಅದು ಬೀಜಕ್ಕೆ ಅತ್ತೆ. ಬೇಕಂತ್ಲೇ ಬುಟ್ಟಿವ್ನಿ” ಎಂದೆ.

ಅತ್ತೆ ನನ್ನನ್ನೂ ಕಾಯಿಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. “ಪರವಾಗಿಲ್ಲ, ನಿಂಗೂ ಬುದ್ಧಿ ಬಂತು. ಬೇಗೂರ್ಗೂ ಒಂದ್ ಚೂರು ಬೀಜ ಎತ್ತಿಡು.”

ಹಣ್ಣು ಹಿಂಡಿ, ತೊಳೆದು, ಒಣಗಿಸಿ, ಬೂದಿಯಲ್ಲಿ ಉಜ್ಜಿ ಅವ್ವನ ಹಾಗೆಯೇ ಗಂಟು ಕಟ್ಟಿದೆ. ಈ ಸಲ ತಡ ಮಾಡುವುದಿಲ್ಲ. ಒಳ್ಳೆಯ ದಿನ ನೋಡಿ ಬಿತ್ತುವುದೊಂದೇ ಬಾಕಿ. ಅಲ್ಲಿಯವರೆಗೆ ಜೋಪಾನವಾಗಿರಲೆಂದು ಗಂಟನ್ನು ಬೀರುವಿನ ಮೇಲೆ, ಮಿಕ್ಸಿಯ ಪಕ್ಕದಲ್ಲಿ ಇಟ್ಟಿದ್ದೇನೆ.